1997ರ ಮಾರುತಿ 800: ಪೇಟೆಯಲ್ಲಿ ಸರಿ ಉಂಟು, ಹೈವೇಯಲ್ಲಿ ಟೆಂಪರೇಚರ್ ಸೂಜಿ ಏರ್ತದೆ

ಸುರತ್ಕಲ್ ಸವಾರ

ಗಾಡಿ 1997ರ ಮಾರುತಿ 800, ಕಾರ್ಬುರೇಟರಿನದ್ದು, ಎಸಿ ಇಲ್ಲ. ನಂತೂರಿನ ಟ್ರಾಫಿಕ್ ಬ್ಲಾಕಿನಲ್ಲಿ ಕಾಲು ಗಂಟೆ ನಿಂತರೂ ಸೂಜಿ ಅರ್ಧ ದಾಟುದಿಲ್ಲ, ಫ್ಯಾನ್ ಬಂದು ಬಂದು ಹೋಗ್ತದೆ. ಆದರೆ ಉಡುಪಿ ಕಡೆ ಹೊರಟು ಮೂಲ್ಕಿ ದಾಟಿದ ಮೇಲೆ 75-80ರಲ್ಲಿ ಹತ್ತು ನಿಮಿಷ ಓಡಿಸಿದರೆ ಸೂಜಿ ಮುಕ್ಕಾಲಿಗೆ ಏರ್ತದೆ. 50ಕ್ಕೆ ಇಳಿಸಿದರೆ ನಿಧಾನ ಕೆಳಗೆ ಬರ್ತದೆ. ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಐದಾರು ತಿರುವು ಆಗುವಷ್ಟರಲ್ಲಿ ಕೆಂಪು ಗೆರೆ ಹತ್ತಿರ.

ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾದ ಮೇಲೆ ಮಾತ್ರ ನೀರನ್ನು ರೇಡಿಯೇಟರಿಗೆ ಬಿಡುವಂಥದ್ದು) ತೆಗೆದು ಬಿಟ್ಟಿದ್ದಾರೆ. ಅದರ ನಂತರ ಬೆಳಗ್ಗೆ ಸೂಜಿ ಕೆಳಗಿಂದ ಏಳಲಿಕ್ಕೇ ಕಾಲು ಗಂಟೆ ಬೇಕು, ಹೈವೇ ಸಮಸ್ಯೆ ಮಾತ್ರ ಹಾಗೆಯೇ ಉಂಟು. ರಿಸರ್ವ್ ಡಬ್ಬಿ ತುಂಬಿ ಹೊರಗೆ ಚೆಲ್ತದೆ, ತಣ್ಣಗಾದ ಮೇಲೆ ನೀರು ವಾಪಸ್ ಹೋಗುದಿಲ್ಲ. ವಾರಕ್ಕೆ ಸುಮಾರು 300 ಮಿಲಿ ಬಾವಿ ನೀರು ಹಾಕ್ತಾ ಇದ್ದೇನೆ. ಬಿಳಿ ಹೊಗೆ ಇಲ್ಲ. ಆಯಿಲ್ ಹಾಕುವ ಮುಚ್ಚಳದ ಒಳಗೆ ಸ್ವಲ್ಪ ಹಾಲಿನ ಬಣ್ಣದ ಪಸೆ ಉಂಟು. ಅದನ್ನು ನೋಡಿ "ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪದರ) ಹೋಗಿದೆ, ಹೆಡ್ ಇಳಿಸುವಾ" ಅಂತಾರೆ. ಇಳಿಸುವ ಮೊದಲು ಯಾವುದನ್ನೆಲ್ಲ ನೋಡಬೇಕು?

ತೊಕ್ಕೊಟ್ಟು ಟ್ಯಾಪೆಟ್

ಹೆಡ್ ಈಗಲೇ ಇಳಿಸಬೇಡಿ ಮಾರಾಯ್ರೆ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಉಂಟು.

ನಿಂತಾಗ ಬಿಸಿಯಾಗಿ ಓಡುವಾಗ ತಣ್ಣಗಾದರೆ ಗಾಳಿಯ ದೋಷ: ಫ್ಯಾನ್, ಅದರ ಸ್ವಿಚ್, ರಿಲೇ, ಫ್ಯೂಸ್. ನಿಂತಾಗ ಸರಿಯಿದ್ದು ಓಡುವಾಗ ಬಿಸಿಯಾದರೆ ನೀರಿನ ಓಟದ ದೋಷ. 80ರಲ್ಲಿ ಎದುರಿನ ಗಾಳಿ ಬೇಕಾದಷ್ಟು ಇರ್ತದೆ. ಎಂಜಿನ್ ಹುಟ್ಟಿಸುವ ಶಾಖ ಮಾತ್ರ ನಿಂತಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಷ್ಟನ್ನೂ ಹೊತ್ತು ತರುವ ನೀರು ರೇಡಿಯೇಟರ್ ಒಳಗೆ ಸರಾಗ ಹರಿಯದಿದ್ದರೆ ಸೂಜಿ ಏರಲೇ ಬೇಕು. ಹಾಗಾಗಿ ಫ್ಯಾನಿಗೆ ದುಡ್ಡು ಹಾಕಲಿಕ್ಕೆ ಹೋಗಬೇಡಿ. ಒಂದು ಪರೀಕ್ಷೆ ಮಾತ್ರ ಮಾಡಿ: ಫ್ಯಾನ್ ತಿರುಗುವಾಗ ಗ್ರಿಲ್ ಎದುರು ಒಂದು ಹಾಳೆ ಹಿಡಿಯಿರಿ, ಒಳಗೆ ಎಳೆದು ಅಂಟಿಕೊಳ್ಳಬೇಕು. ಹೊರಗೆ ತಳ್ಳಿದರೆ ಮೋಟರಿನ ಎರಡು ವಯರ್ ತಿರುಗಾಮುರುಗಾ ಆಗಿದೆ. ಉಲ್ಟಾ ತಿರುಗುವ ಫ್ಯಾನ್ ಹೈವೇಯಲ್ಲಿ ಎದುರು ಗಾಳಿಯ ಜೊತೆ ಗುದ್ದಾಡ್ತದೆ, ಮೋಟರ್ ಬದಲಿಸಿದ ಗಾಡಿಗಳಲ್ಲಿ ಇದು ಆಗ್ತದೆ.

ಮುಚ್ಚಳದ ಹಾಲುಪಸೆ ನೋಡಿ ಗ್ಯಾಸ್ಕೆಟ್ ಅಂತ ತೀರ್ಮಾನ ಮಾಡುದು ತಪ್ಪು. ನಮ್ಮ ಕರಾವಳಿಯ ತೇವದ ಗಾಳಿ, ಸಣ್ಣ ಸಣ್ಣ ಓಟ, ಅದರ ಮೇಲೆ ಥರ್ಮೋಸ್ಟಾಟ್ ಇಲ್ಲದೆ ಎಂಜಿನ್ ಬಿಸಿಯೇ ಆಗುದಿಲ್ಲ. ಕ್ರ್ಯಾಂಕ್‌ಕೇಸಿನ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಆಯಿಲಿನೊಟ್ಟಿಗೆ ಸೇರಿ ಹಾಗೆ ಆಗ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅದರಲ್ಲಿರುವ ಆಯಿಲ್ ಸ್ವಚ್ಛ ಇದ್ದು ಮಟ್ಟ ಏರದಿದ್ದರೆ ಆಯಿಲಿಗೆ ನೀರು ಇಳಿದಿಲ್ಲ.

ಗ್ಯಾಸ್ಕೆಟಿಗೆ ಸರಿಯಾದ ಪರೀಕ್ಷೆ ಬೇರೆ. ಬೆಳಗ್ಗೆ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ರೇಡಿಯೇಟರ್ ಬಾಯಿ ತನಕ ನೀರು ತುಂಬಿಸಿ ಸ್ಟಾರ್ಟ್ ಮಾಡಿ. ಮೊದಲ ಎರಡು ನಿಮಿಷ ಕೆಲವು ಗುಳ್ಳೆ ಬರುದು ಒಳಗೆ ಸಿಕ್ಕಿದ ಗಾಳಿ. ರೇಸ್ ಕೊಟ್ಟ ಹಾಗೆ ಸಣ್ಣ ಗುಳ್ಳೆ ಸಾಲುಸಾಲಾಗಿ ಬಂದು ನಿಲ್ಲದೇ ಹೋದರೆ, ಇಲ್ಲವೇ ನೀರು ಕಾರಂಜಿಯ ಹಾಗೆ ಚಿಮ್ಮಿದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಬರ್ತಾ ಉಂಟು. ಮರುದಿನ ಕ್ಯಾಪ್ ಹಾಕಿ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಂಡಿ ನೋಡಿ. ನೀರು ಬಿಸಿಯಾಗುವ ಮೊದಲೇ, ಒಂದೆರಡು ನಿಮಿಷದಲ್ಲಿ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೂ ಅದೇ ಅರ್ಥ. ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಮೂರೂ ಸಿಲಿಂಡರಿನದ್ದು ತೆಗೆಸಿ. ಪರಸ್ಪರ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಬಂದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿರ್ತದೆ.

ಇನ್ನು ಡಬ್ಬಿಗೆ ಹೋದ ನೀರು ವಾಪಸ್ ಬಾರದ ವಿಷಯ. ಅದು ಹೆಚ್ಚಾಗಿ ರೇಡಿಯೇಟರ್ ಕ್ಯಾಪ್. ಅದರಲ್ಲಿ ಎರಡು ವಾಲ್ವ್ ಉಂಟು. ದೊಡ್ಡದು ಒತ್ತಡ ಹಿಡಿಯಲಿಕ್ಕೆ, ಅದರ ನಡುವಿನ ಸಣ್ಣ ಬಿಲ್ಲೆ ತಣ್ಣಗಾದಾಗ ನೀರನ್ನು ವಾಪಸ್ ಎಳೆಯಲಿಕ್ಕೆ. ಕ್ಯಾಪ್ ಮೇಲೆ 0.9 ಅಂತ (ಕೆಜಿ ಒತ್ತಡ) ಒತ್ತಿರ್ತದೆ. ಆ ಒತ್ತಡ ನಿಂತರೆ ಬರೀ ನೀರೂ ಸುಮಾರು 118 ಡಿಗ್ರಿ ತನಕ ಕುದಿಯುದಿಲ್ಲ, ರಬ್ಬರ್ ಒಡೆದು ಒತ್ತಡ ಸೋರಿದರೆ 100ಕ್ಕೇ ಕುದಿದು ಡಬ್ಬಿಗೆ ನುಗ್ತದೆ. ಸಣ್ಣ ಬಿಲ್ಲೆಯನ್ನು ಉಗುರಿನಲ್ಲಿ ಎಳೆದು ಬಿಡಿ, ಸ್ಪ್ರಿಂಗಿನ ಹಾಗೆ ವಾಪಸ್ ಕೂರಬೇಕು. ಕ್ಯಾಪಿನಿಂದ ಡಬ್ಬಿಗೆ ಹೋಗುವ ಸಪೂರ ಪೈಪ್ ಎಲ್ಲಿಯಾದರೂ ಬಿರುಕು ಬಿಟ್ಟಿದ್ದರೆ, ಅಥವಾ ಅದರ ತುದಿ ಡಬ್ಬಿಯ ನೀರಿನಲ್ಲಿ ಮುಳುಗದಿದ್ದರೆ ನೀರಿನ ಬದಲು ಗಾಳಿ ಎಳೀತದೆ.

ಕೊನೆಗೆ ಕೆಳಗಿನ ಹೋಸ್. ಎಂಜಿನ್ ಬಿಸಿಯಾದ ಮೇಲೆ ಒಬ್ಬರು 3000 ಆರ್‌ಪಿಎಂ ತನಕ ರೇಸ್ ಕೊಡಲಿ, ನೀವು ಕೆಳಗಿನ ಹೋಸ್ ನೋಡಿ. ಬೆರಳು, ಅಂಗಿ ಕೈ ಬೆಲ್ಟಿನಿಂದ ದೂರ ಇರಲಿ. ಹೋಸ್ ಚಪ್ಪಟೆ ಆಗ್ತದಾ?

ಅತ್ತಾವರ 796

ನೀರು ಕಡಿಮೆಯಾಗುದಕ್ಕೆ ಎರಡು ಚಮಚ ಅರಸಿನ ಹುಡಿ ಹಾಕಿ, ಸೋರುವುದು ನಿಲ್ತದೆ. ಫ್ಯಾನಿಗೆ ಡ್ಯಾಶ್‌ಬೋರ್ಡಿನಿಂದ ಡೈರೆಕ್ಟ್ ಸ್ವಿಚ್ ಕೊಟ್ಟರೆ ಘಾಟಿಯಲ್ಲಿ ಧೈರ್ಯ ಇರ್ತದೆ.

ಕಾಪು ಕೋರ್

ಅರಸಿನ ಹುಡಿ ದಯವಿಟ್ಟು ಬೇಡ. ರಾತ್ರಿ ಶಿರಾಡಿ ನಡುವೆ ರೇಡಿಯೇಟರ್ ತೂತಾಗಿ, ಮನೆ ಮುಟ್ಟಿದರೆ ಸಾಕು ಅನ್ನುವ ಹೊತ್ತಿನ ಉಪಾಯ ಅದು. ಹುಡಿ ಊದಿಕೊಂಡು ತೂತನ್ನು ಮುಚ್ಚುದು ನಿಜ. 800ರ ರೇಡಿಯೇಟರ್ ಕೊಳವೆ ಎಷ್ಟು ಸಪೂರ ಅಂದರೆ ಒಳಗೆ ಹ್ಯಾಕ್ಸಾ ಬ್ಲೇಡ್ ಕಷ್ಟದಲ್ಲಿ ಹೋದೀತು. ಹುಡಿ ಅದನ್ನೂ ಮುಚ್ಚುತ್ತದೆ, ಹೀಟರಿನ ಕೊಳವೆಯನ್ನೂ ಮುಚ್ಚುತ್ತದೆ. ಸೋರುವ ಜಾಗವೇ ಗೊತ್ತಿಲ್ಲದೆ ಹಾಕಿದರೆ ಇರುವ ದೋಷ ದುಪ್ಪಟ್ಟು. ಡೈರೆಕ್ಟ್ ಸ್ವಿಚ್ ತಪ್ಪಲ್ಲ, ರಿಲೇ ಮತ್ತು ಫ್ಯೂಸ್ ಇಟ್ಟು ಕೊಟ್ಟರೆ. ಇವರ ಗಾಡಿಯಲ್ಲಿ ಮಾತ್ರ ಅದರಿಂದ ಏನೂ ಆಗುದಿಲ್ಲ.

ಸವಾರರೇ, ಬಾವಿ ನೀರು ಅಂದಿರಲ್ಲ, ಕ್ಯಾಪ್ ತೆಗೆದಾಗ ನೀರಿನ ಬಣ್ಣ ಎಂತದು ಹೇಳಿ. ನಮ್ಮ ಮುರಕಲ್ಲಿನ ಬಾವಿಯ ನೀರಿನಲ್ಲಿ ಬಯಲುಸೀಮೆಯ ಹಾಗೆ ಸುಣ್ಣ ಕಟ್ಟುದು ಕಡಿಮೆ. ಆದರೆ ಅದು ಸ್ವಲ್ಪ ಹುಳಿ ಗುಣದ್ದು. 800ರ ಎಂಜಿನ್ ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಕೂಲಂಟ್ ಇಲ್ಲದ ನೀರು ಬೀಡಿಗೆ ತುಕ್ಕು ಹಿಡಿಸ್ತದೆ, ಆ ತುಕ್ಕೇ ಕೆಸರಾಗಿ ರೇಡಿಯೇಟರಿನಲ್ಲಿ ಕೂತುಕೊಳ್ತದೆ. ಕಡಲ ಹತ್ತಿರದ ಬಾವಿಯಾದರೆ ಉಪ್ಪಿನ ಅಂಶ ಹೆಡ್ಡಿನ ನೀರುದಾರಿಯನ್ನೇ ತಿಂತದೆ. ಗ್ಯಾಸ್ಕೆಟ್ ಕೂರುವ ಅಂಚಿನಲ್ಲಿ ಗುಳಿ ಬಿದ್ದ ಹೆಡ್‌ಗಳು ಹೆಚ್ಚಾಗಿ ಹೀಗೆಯೇ ಹಾಳಾದವು.

ರೇಡಿಯೇಟರ್ ಕಟ್ಟಿದೆಯಾ ಅಂತ ಗಾಡಿಯಲ್ಲೇ ನೋಡಬಹುದು. ಎಂಜಿನ್ ಪೂರ್ತಿ ಬಿಸಿ ಮಾಡಿ ಆಫ್ ಮಾಡಿ, ಫ್ಯಾನಿನ ಕನೆಕ್ಟರ್ ಕಳಚಿಡಿ. ಆಮೇಲೆ ಕೋರಿನ (ರೇಡಿಯೇಟರಿನ ಕೊಳವೆ ಸಾಲಿನ ಭಾಗ) ಎದುರು ಮೈಯನ್ನು ಅಂಗೈಯಿಂದ ಮೆಲ್ಲ ಮುಟ್ಟುತ್ತಾ ಹೋಗಿ. ಮೇಲಿನಿಂದ ಕೆಳಗೆ ಬಿಸಿ ನಿಧಾನ ಇಳಿಯುದು ಸಹಜ. ನಡುವೆ ಪಟ್ಟಿಯ ಹಾಗೆ ಒಂದು ಜಾಗ ಮಾತ್ರ ತಣ್ಣಗೆ ಸಿಕ್ಕಿದರೆ ಅಲ್ಲಿನ ಕೊಳವೆಗಳಲ್ಲಿ ನೀರು ಹರಿಯುದಿಲ್ಲ. ಟೆಂಪರೇಚರ್ ಗನ್ ಇದ್ದರೆ ಇನ್ನೂ ಸುಲಭ, ಆದರೆ ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸ್ತದೆ. ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಹೊರಗಿನ ಫಿನ್ (ಕೊಳವೆಗಳ ನಡುವಿನ ತೆಳು ತಗಡು) ಕೂಡ ನೋಡಿ. ಬೆರಳಿನಿಂದ ಉಜ್ಜಿದರೆ ಹಸಿರು ಹುಡಿಯಾಗಿ ಉದುರಿದರೆ ಉಪ್ಪು ಗಾಳಿಗೆ ಕೋರ್ ಮುಗಿದಿದೆ. ಕೊಳವೆಗೂ ಫಿನ್ನಿಗೂ ಬೆಸುಗೆ ಬಿಟ್ಟಿದ್ದರೆ ಒಳಗೆ ಎಷ್ಟು ಸ್ವಚ್ಛ ಮಾಡಿದರೂ ಶಾಖ ಹೊರಗೆ ಹೋಗುದಿಲ್ಲ. ಅಂಥದ್ದಕ್ಕೆ ಹೊಸ ಕೋರೇ ಆಗಬೇಕು.

ಸುರತ್ಕಲ್ ಸವಾರ

ಎಲ್ಲ ನೋಡಿದೆ. ಹಾಳೆ ಗ್ರಿಲ್ಲಿಗೆ ಅಂಟಿತು. ಡಿಪ್‌ಸ್ಟಿಕ್ ಆಯಿಲ್ ಸ್ವಚ್ಛ, ಮಟ್ಟ ಮೊದಲಿನಷ್ಟೇ. ತಣ್ಣನೆಯ ಸ್ಟಾರ್ಟಿನಲ್ಲಿ ಮೊದಲು ನಾಲ್ಕೈದು ದೊಡ್ಡ ಗುಳ್ಳೆ, ಆಮೇಲೆ ಇಲ್ಲ. ಮೇಲಿನ ಹೋಸ್ ಬಿಸಿಯಾಗುವ ತನಕ ಮೆತ್ತಗೆ ಇತ್ತು. ಕಂಪ್ರೆಶನ್ 12, 11.8, 12.

ಕ್ಯಾಪಿನ ರಬ್ಬರಿನಲ್ಲಿ ಸುತ್ತ ಬಿರುಕು, ನಡುವಿನ ಬಿಲ್ಲೆ ತುಕ್ಕಿಗೆ ಅಂಟಿ ಅಲ್ಲಾಡುದೇ ಇಲ್ಲ. ನೀರು ಕೆಂಪು, ಬೆರಳಿಗೆ ಹತ್ತಿದ ಕೆಸರು ನುಣ್ಣಗೆ, ಜೇಡಿಯ ಹಾಗೆ. ಕೋರಿನ ಎಡಗಡೆ ನಾಲ್ಕು ಬೆರಳು ಅಗಲದ ಪಟ್ಟಿ ಮೇಲಿನಿಂದ ಕೆಳಗೆ ತಣ್ಣಗೆ ಉಂಟು. ರೇಸ್ ಕೊಟ್ಟಾಗ ಕೆಳಗಿನ ಹೋಸ್ ನಡುವಿನಲ್ಲಿ ಸೊಂಟ ಹಿಡಿದ ಹಾಗೆ ಒಳಗೆ ಹೋಗ್ತದೆ, ಬಿಟ್ಟರೆ ಸರಿಯಾಗ್ತದೆ. ಹೋಸ್ ಬದಲಿಸಿದರೆ ಸಾಕಾ?

ತೊಕ್ಕೊಟ್ಟು ಟ್ಯಾಪೆಟ್

ಸಾಕಾಗುದಿಲ್ಲ. ಹೋಸ್ ಯಾಕೆ ಒಳಗೆ ಹೋಗ್ತದೆ ನೋಡಿ. ಪಂಪ್ ಕೆಳಗಿನ ಹೋಸಿನಿಂದ ನೀರು ಎಳೀತದೆ. ರೇಡಿಯೇಟರಿನಿಂದ ಅಷ್ಟು ನೀರು ಇಳಿದು ಬಂದರೆ ಹೋಸ್ ದುಂಡಗೇ ಇರ್ತದೆ. ಮೇಲಿನಿಂದ ಬಾರದಾಗ ಪಂಪ್ ಹೋಸನ್ನೇ ಹೀರ್ತದೆ. ಕ್ಯಾಪ್ ಒತ್ತಡ ಹಿಡಿಯದ ಕಾರಣ ಒಳಗಿಂದ ಆಧಾರವೂ ಇಲ್ಲ, ಹಳೇ ರಬ್ಬರ್ ಮೆತ್ತಗಾಗಿದೆ. ಮೂರೂ ಒಟ್ಟಿಗೆ ಸೇರಿ 80ರಲ್ಲಿ ನಿಮ್ಮ ಎಂಜಿನಿಗೆ ಅರ್ಧ ನೀರು. 50ಕ್ಕೆ ಇಳಿಸಿದರೆ ಪಂಪಿನ ಎಳೆತ ಇಳೀತದೆ, ಹೋಸ್ ಬಿಚ್ಚಿಕೊಳ್ತದೆ, ಸೂಜಿಯೂ ಇಳೀತದೆ. ನೀವು ಮೊದಲು ಬರೆದದ್ದಕ್ಕೆ ಸರಿಯಾಗಿ ಹೊಂದುತ್ತದೆ. ಒಂದು ಸಮಾಧಾನ, ಹೋಸ್ ಹೀರುವಷ್ಟು ಎಳೀತದೆ ಅಂದರೆ ಪಂಪಿನ ರೆಕ್ಕೆ ಇನ್ನೂ ತಿಂದು ಹೋಗಿಲ್ಲ.

ಮಾಡುವ ಕ್ರಮ ಮುಖ್ಯ. ಮೊದಲು ಬ್ಲಾಕ್ ತೊಳೆಯಿರಿ, ರೇಡಿಯೇಟರ್ ಆಮೇಲೆ. ಸ್ವಚ್ಛ ಮಾಡಿ ತಂದ ರೇಡಿಯೇಟರ್ ಕೂರಿಸಿದ ಮೇಲೆ ಬ್ಲಾಕಿನ ಕೆಸರು ಎದ್ದರೆ ಮಾಡಿದ ಕೆಲಸ ಪುನಃ ಕಟ್ಟುತ್ತದೆ. ಕೆಳಗಿನ ಡ್ರೈನ್ ಬಿಚ್ಚಿ ಖಾಲಿ ಮಾಡಿ, ರೇಡಿಯೇಟರ್ ಇಳಿಸಿ. ಥರ್ಮೋಸ್ಟಾಟ್ ಹೇಗೂ ಇಲ್ಲ, ಹಾಗಾಗಿ ಮೇಲಿನ ಹೋಸಿನ ಬಾಯಿಗೆ ತೋಟದ ಪೈಪ್ ಇಟ್ಟು ಬಟ್ಟೆ ಸುತ್ತಿ ನೀರು ಬಿಡಿ, ಕೆಳಗಿನ ಹೋಸಿನಿಂದ ಹೊರಗೆ ಬರ್ತದೆ. ಮಾಮೂಲು ಓಟಕ್ಕೆ ಇದು ವಿರುದ್ಧ ದಿಕ್ಕು, ಮೂಲೆಯಲ್ಲಿ ಕೂತ ಕೆಸರು ಹೀಗೆ ಎದ್ದು ಬರ್ತದೆ. ಹೀಟರಿನ ಲಿವರ್ ಬಿಸಿ ಕಡೆಗೆ ಎಳೆದಿಡಿ. ಕೆಳಗೆ ಬಿಳಿ ಬೇಸಿನ್ ಇಟ್ಟರೆ ಬಣ್ಣ ಗೊತ್ತಾಗ್ತದೆ, ಬೇಸಿನಿನ ತಳ ಕಾಣುವ ತನಕ ನಿಲ್ಲಿಸಬೇಡಿ. ಬಾತ್‌ರೂಮ್ ತೊಳೆಯುವ ಆಸಿಡ್ ಯಾರು ಹೇಳಿದರೂ ಹಾಕಬೇಡಿ, ಅಲ್ಯೂಮಿನಿಯಂ ಹೆಡ್ಡನ್ನು ತಿಂತದೆ.

ಕಾಪು ಕೋರ್

ರೇಡಿಯೇಟರ್ ಹಿತ್ತಾಳೆಯದ್ದಾ, ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಇದ್ದದ್ದಾ ನೋಡಿ. ಹಿತ್ತಾಳೆಯಾದರೆ ರಾಡಿಂಗ್ ಮಾಡಿಸಿ. ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಒಂದೊಂದೇ ಕೊಳವೆಯಲ್ಲಿ ಚಪ್ಪಟೆ ಕಡ್ಡಿ ಓಡಿಸಿ ಕೆಸರು ತೆಗೆದು ಪುನಃ ಬೆಸುಗೆ ಹಾಕ್ತಾರೆ. ಟ್ಯಾಂಕ್ ತೆರೆದಾಗ ನೀವೇ ಎದುರು ನಿಂತು ನೋಡಿ. ಎಷ್ಟು ಕೊಳವೆ ತೆರೆಯಲಿಲ್ಲ ಅಂತ ಲೆಕ್ಕ ಹಾಕಿ, ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮುಚ್ಚಿದ್ದರೆ ಹೊಸ ಕೋರ್ ಹಾಕುದೇ ಒಳ್ಳೇದು. ಸೋರುವ ಕೊಳವೆಯನ್ನು ಎರಡೂ ತುದಿಯಲ್ಲಿ ಬೆಸುಗೆ ಹಾಕಿ ಬಂದ್ ಮಾಡುವ ಅಭ್ಯಾಸ ಉಂಟು, ಹಾಗೆ ಮಾಡಿದರೆ ಘಾಟಿಯಲ್ಲಿ ಅದರ ಫಲ ಗೊತ್ತಾಗ್ತದೆ. ಪ್ಲಾಸ್ಟಿಕ್ ಟ್ಯಾಂಕಿನದ್ದಾದರೆ ಬಿಚ್ಚಿ ಜೋಡಿಸುವ ಸಾಹಸ ಬೇಡ, ಬದಲಿಸಿ.

ವಾಪಸ್ ತರುವ ಮೊದಲು ಅಲ್ಲೇ ಎರಡು ಪರೀಕ್ಷೆ. ಕೆಳಗಿನ ಬಾಯಿಗೆ ಅಂಗೈ ಮುಚ್ಚಿ ಕುತ್ತಿಗೆ ತನಕ ನೀರು ತುಂಬಿಸಿ ಕೈ ತೆಗೆಯಿರಿ. ಪೂರ್ತಿ ಬಾಯಿ ತುಂಬಿ ಭರ್ರನೆ ಬೀಳಬೇಕು, ಕಾಲ್ಬೆರಳಷ್ಟು ದಪ್ಪ ಹರಿದರೆ ಕೆಲಸ ಆಗಿಲ್ಲ. ಮತ್ತೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ 0.9 ಕೆಜಿ ಗಾಳಿ ಕೊಟ್ಟು ಗುಳ್ಳೆ ನೋಡಿ. ಅದಕ್ಕಿಂತ ಹೆಚ್ಚು ಗಾಳಿ ಕೊಡಲಿಕ್ಕೆ ಬಿಡಬೇಡಿ, ಹಳೇ ಬೆಸುಗೆ ಬಿಡ್ತದೆ.

ಹೆಬ್ರಿ ತಿರುವು

ನೀರಿನ ದಾರಿ ಸರಿಯಾದ ಮೇಲೂ ಘಾಟಿಯಲ್ಲಿ ಸೂಜಿ ಏರಿದರೆ ಪ್ಲಗ್ಗಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೋಡಿ. ಕಾರ್ಬುರೇಟರ್ 800ರಲ್ಲಿ ವ್ಯಾಕ್ಯೂಮ್ ಅಡ್ವಾನ್ಸಿಗೆ (ಕಿಡಿ ಬೇಗ ಬೀಳುವ ಹಾಗೆ ಮಾಡುವ ಭಾಗ) ಒಂದು ಸಪೂರ ರಬ್ಬರ್ ಪೈಪ್ ಉಂಟು, ಹಳೆಯದಾದಾಗ ತುದಿಯಲ್ಲಿ ಸೀಳ್ತದೆ. ಸೀಳಿದರೆ ಹೈವೇ ಓಟದಲ್ಲಿ ಕಿಡಿ ತಡವಾಗಿ ಬೀಳ್ತದೆ, ಪೆಟ್ರೋಲ್ ಉರಿದ ಶಾಖ ಚಕ್ರಕ್ಕೆ ಹೋಗುವ ಬದಲು ಹೆಡ್ಡಿಗೂ ಎಕ್ಸಾಸ್ಟಿಗೂ ಹೋಗ್ತದೆ. ಪೈಪನ್ನು ಬಾಯಲ್ಲಿ ಹೀರಿ ನಾಲಗೆಯಿಂದ ಮುಚ್ಚಿ, ಹೀರಿದ್ದು ನಿಂತರೆ ಡಯಾಫ್ರಮ್ ಸರಿ ಉಂಟು. ಕಾರ್ಬುರೇಟರಿನ ಮೇನ್ ಜೆಟ್ಟಿನಲ್ಲಿ (ಪೆಟ್ರೋಲ್ ಬರುವ ಸಣ್ಣ ತೂತು) ಕಸ ಕೂತರೂ ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗಿ ಬಿಸಿ ಹೆಚ್ಚುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿ ಬಿಳಿಚಿಕೊಂಡಿದ್ದರೆ ಅದೇ ಗುರುತು, ತಿಳಿ ಕಂದು ಇರಬೇಕು.

ಚಕ್ರ ಜ್ಯಾಮ್ ಉಂಟಾ ಅದನ್ನೂ ನೋಡಿ. ನಾಲ್ಕೂ ಚಕ್ರ ಒಂದೊಂದಾಗಿ ಜ್ಯಾಕ್ ಎತ್ತಿ ಕೈಯಲ್ಲಿ ತಿರುಗಿಸಿ. ನಮ್ಮಲ್ಲಿ ಮಳೆಗಾಲ ಕಳೆದ ಮೇಲೆ ಬ್ರೇಕ್ ಹಿಡಿದುಕೊಂಡಿರುದು ಸಾಮಾನ್ಯ, ಅದೂ ಎಂಜಿನಿಗೆ ಹೊರೆ.

ಆಗುಂಬೆಯಲ್ಲಿ ಇರುದು 14 ಹೇರ್‌ಪಿನ್ ತಿರುವು. ಮೂರನೇ ಗೇರಿನಲ್ಲಿ ಎಳೆಯದೆ ಗೊರಗೊರ ಅನ್ನಿಸಿಕೊಂಡು ಹತ್ತಿಸಬೇಡಿ. ಎರಡನೇ ಗೇರಿನಲ್ಲಿ ಎಂಜಿನ್ ಸಲೀಸಾಗಿ ತಿರುಗಿದರೆ ಪಂಪೂ ಜೋರು ತಿರುಗ್ತದೆ, ಆಕ್ಸಿಲರೇಟರ್ ಒತ್ತುವ ಭಾರವೂ ಕಡಿಮೆ. ಸೂಜಿ ಏರ್ತಾ ಹೋದರೆ ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಜೋರು. ಸೆಕೆಯಾದರೂ ಅದು ನಿಮ್ಮ ಎರಡನೇ ರೇಡಿಯೇಟರ್. ಹಬೆ ಬಂದರೆ ಬದಿಗೆ ಹಾಕಿ ಆಫ್ ಮಾಡಿ. ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ, ತಣ್ಣೀರು ಎಂಜಿನ್ ಮೇಲೆ ಸುರಿಯಬೇಡಿ. ಹೆಡ್ ಬಾಗುದಕ್ಕೆ ಬರೀ 0.05 ಮಿ.ಮೀ. ಮಿತಿ, ಅದರ ಮೇಲೆ ಹೋದರೆ ಗ್ಯಾಸ್ಕೆಟ್ ನಿಲ್ಲುದಿಲ್ಲ.

ಸುರತ್ಕಲ್ ಸವಾರ

ಹಿತ್ತಾಳೆಯದ್ದೇ. ಟ್ಯಾಂಕ್ ತೆರೆದಾಗ ಎಡಬದಿಯ ಕೊಳವೆಗಳ ಬಾಯಿ ಕೆಂಪು ಮೇಣ ಮೆತ್ತಿದ ಹಾಗೆ ಮುಚ್ಚಿತ್ತು, ಎರಡು ಬಿಟ್ಟು ಎಲ್ಲ ತೆರೆದವು. ಹೊಸ ಕ್ಯಾಪ್, ಎರಡೂ ಹೋಸ್, ಕ್ಲಿಪ್ ತಂದಿಟ್ಟಿದ್ದೇನೆ. ಥರ್ಮೋಸ್ಟಾಟ್ ವಾಪಸ್ ಹಾಕಲೇ ಬೇಕಾ? ಕೂಲಂಟ್ ಎಷ್ಟು, ಗಾಳಿ ಹೇಗೆ ತೆಗೆಯುದು?

ತೊಕ್ಕೊಟ್ಟು ಟ್ಯಾಪೆಟ್

ಹಾಕಲೇ ಬೇಕು. ತಣ್ಣಗೆ ಓಡುವ ಎಂಜಿನ್ ಪೆಟ್ರೋಲ್ ಹೆಚ್ಚು ಕುಡೀತದೆ, ಆಯಿಲಿನಲ್ಲಿ ತೇವ ಉಳಿದು ಸಿಲಿಂಡರ್ ಬೇಗ ಸವೀತದೆ. ಹೊಸದನ್ನೂ ಹಾಕುವ ಮೊದಲು ಪರೀಕ್ಷಿಸಿ. ನೂಲು ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ತಳಕ್ಕೆ ತಾಗದ ಹಾಗೆ, ಥರ್ಮಾಮೀಟರ್ ಇಟ್ಟು ಕಾಯಿಸಿ. 82 ಅಂತ ಒತ್ತಿದ್ದು 82 ಡಿಗ್ರಿ ಆಸುಪಾಸಿನಲ್ಲಿ ಬಾಯಿ ಬಿಡಲಿಕ್ಕೆ ಶುರು ಮಾಡಿ, 95ಕ್ಕೆ ಸುಮಾರು 8 ಮಿ.ಮೀ. ತೆರೆದಿರಬೇಕು. ಕೂರಿಸುವಾಗ ಅದರ ಸಣ್ಣ ಗಾಳಿತೂತು ಮೇಲ್ಗಡೆ ಬರಲಿ.

ಒಟ್ಟು ಹಿಡಿಯುದು ಸುಮಾರು ಮೂರೂವರೆ ಲೀಟರ್. ಕಾನ್ಸಂಟ್ರೇಟ್ ಕೂಲಂಟ್ 1 ಲೀಟರ್, ಡಿಸ್ಟಿಲ್ಡ್ ವಾಟರ್ ಎರಡೂವರೆ ಲೀಟರ್ ಹೊರಗೆ ಬೆರೆಸಿ. ನಮ್ಮ ಊರಿನಲ್ಲಿ ನೀರು ಹೆಪ್ಪುಗಟ್ಟುವ ಪ್ರಶ್ನೆ ಇಲ್ಲ, ಅರ್ಧಕ್ಕರ್ಧ ಬೇಡ. ಕೂಲಂಟಿನಲ್ಲಿರುವ ಗ್ಲೈಕಾಲ್ ಹೆಚ್ಚಾದರೆ ಶಾಖ ಹೊರುವ ಶಕ್ತಿ ಕಡಿಮೆಯಾಗ್ತದೆ. ರೆಡಿ ಮಿಕ್ಸ್ ಡಬ್ಬಿ ತಂದರೆ ನೀರು ಸೇರಿಸಬಾರದು.

ಸಾಧ್ಯವಾದರೆ ಗಾಡಿಯ ಮೂತಿ ಎತ್ತರಕ್ಕೆ ಇರುವ ಹಾಗೆ ಏರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ. ಹೀಟರ್ ಬಿಸಿಗೆ ಎಳೆದು, ಕ್ಯಾಪ್ ತೆರೆದಿಟ್ಟು ನಿಧಾನ ಸುರಿಯಿರಿ, ಮೇಲಿನ ಹೋಸ್ ಹಿಂಡುತ್ತಾ ಇರಿ. ತುಂಬಿದ ಮೇಲೆ ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಡಿ. ಥರ್ಮೋಸ್ಟಾಟ್ ತೆರೆದ ಕ್ಷಣ ಮಟ್ಟ ದಡಕ್ಕನೆ ಇಳೀತದೆ, ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಗ್ತದೆ. ಆಗ ಪುನಃ ತುಂಬಿಸಿ ಕ್ಯಾಪ್ ಹಾಕಿ. ಡಬ್ಬಿಯಲ್ಲಿ ಮೇಲಿನ ಗೆರೆ ತನಕ. ಬೆಲ್ಟ್ ನಡುವಿನಲ್ಲಿ ಹೆಬ್ಬೆರಳಿನಿಂದ ಗಟ್ಟಿ ಒತ್ತಿದರೆ 6ರಿಂದ 9 ಮಿ.ಮೀ. ತಗ್ಗಬೇಕು. ಸಡಿಲ ಇದ್ದರೆ ಪಂಪ್ ಜಾರ್ತದೆ, ಬಿಗಿಯಾದರೆ ಪಂಪಿನ ಬೇರಿಂಗ್ ಹೋಗ್ತದೆ.

ಸುರತ್ಕಲ್ ಸವಾರ

ಹತ್ತು ದಿನ ಆಯ್ತು. ಪಡುಬಿದ್ರಿಯಿಂದ ಕಟಪಾಡಿ ತನಕ 80ರಲ್ಲಿ ಹೋಗಿ ನಿಲ್ಲಿಸಿ ಥರ್ಮೋಸ್ಟಾಟ್ ಗೂಡಿನ ಟೇಪ್ ಮೇಲೆ ಗನ್ ಹಿಡಿದರೆ 88ರಿಂದ 90. ಆಗುಂಬೆಯ ಮೇಲೆ ಮುಟ್ಟಿದಾಗ 96, ಸೂಜಿ ಅರ್ಧ ದಾಟಲಿಲ್ಲ. ಮುಚ್ಚಳದ ಹಾಲುಪಸೆ ಒರೆಸಿದ ಮೇಲೆ ಬರಲಿಲ್ಲ. ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಡಬ್ಬಿಯಲ್ಲಿ ಮೊದಲ ಮೂರು ದಿನ ಸುಮಾರು 100 ಮಿಲಿ ಇಳಿಯಿತು, ಈಗಲೂ ದಿನಕ್ಕೆ ಚೂರು ಇಳಿದ ಹಾಗೆ ಕಾಣ್ತದೆ.

ತೊಕ್ಕೊಟ್ಟು ಟ್ಯಾಪೆಟ್

ಮೊದಲ ಮೂರು ದಿನದ್ದು ಉಳಿದ ಗಾಳಿ ಹೊರಗೆ ಹೋದದ್ದು. ಈಗಿನದಕ್ಕೆ ಎರಡು ಜಾಗ ನೋಡಿ. ಪಂಪಿನ ಹೊಟ್ಟೆಯ ಕೆಳಗೆ ಕಡಲೆ ಹೋಗುವಷ್ಟು ಇಲ್ಲದ ಒಂದು ಸಣ್ಣ ತೂತು ಉಂಟು, ಅದನ್ನು ಮುಚ್ಚಬಾರದು. ಕೂಲಂಟಿನ ಬಣ್ಣದ ಒಣ ಗೆರೆ ಅದರಿಂದ ಇಳಿದಿದ್ದರೆ ಪಂಪಿನ ಸೀಲ್ ಮುಗಿದಿದೆ. ಹಳೇ ತುಕ್ಕು ನೀರಿನಲ್ಲಿ ಸವೆದ ಸೀಲ್ ಹೊಸ ಕೂಲಂಟಿನಲ್ಲಿ ಸೋರುದು ಹೊಸತಲ್ಲ, ಪಂಪ್ ಬದಲಿಸಿ. ಅಲ್ಲಿ ಒಣಗಿದ್ದರೆ ಡ್ಯಾಶ್‌ಬೋರ್ಡಿನ ಕೆಳಗೆ ಹೀಟರ್ ಇರುವ ಬದಿಯ ಮ್ಯಾಟ್ ಎತ್ತಿ ಅಡಿಯ ಫೆಲ್ಟ್ ಒತ್ತಿ ನೋಡಿ. ಕೈಗೆ ಜಿಗುಟು, ಸಿಹಿ ವಾಸನೆ ಬಂದರೆ ಹೀಟರ್ ಕೋರ್. ಅದು ಸೋರ್ತಾ ಇದ್ದರೆ ಬೇರೆ ಕೋರ್ ಸಿಗುವ ತನಕ ಎಂಜಿನ್ ಕಡೆಯ ಎರಡು ಹೀಟರ್ ಹೋಸನ್ನು ಒಂದಕ್ಕೊಂದು ಜೋಡಿಸಿ ಓಡಿಸಬಹುದು.